ಕೊಳದ ಕಟ್ಟೆ: ಗ್ಯಾರ್ಮತಿ ಬಗ್ಗೆ ನೀವು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಒಬ್ಬರು ‘ಒಲಿಂಪಿಕ್ಸ್‌ನಲ್ಲಿ ಪ್ರತಿಸಲವೂ ಪದಕ ತಂದವರು ಯಾರಾದರೂ ಇದ್ದಾರೆಯೇ?’ ಎಂದು ಕೇಳಿದ್ದರು. ಉತ್ತರದ ನಡುವೆ, ‘ಹಂಗೆರಿಯ ವಾಟರ್ ಪೋಲೊ ಆಟಗಾರ ಡೆಜೋ ಗ್ಯಾರ್ಮತಿ ಐದು ಒಲಿಂಪಿಕ್ಸ್ ಆಡಿ ಐದರಲ್ಲೂ ಪದಕ ಗೆದ್ದರು’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಕ್ರಿಕೆಟ್ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಬಾರದಷ್ಟು ಕಾಗದ ಆ ಒಂದು ಸಾಲಿಗೆ ಬಂದಿವೆ. ವಾಟರ್ ಪೋಲೊ ಅಂದರೆ ಕೊಳದಲ್ಲಿ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟ. ಅದರ ಮೇಲೆ ನನಗೂ ಸ್ವಲ್ಪ ಪಕ್ಷಪಾತ. ಪ್ರಾಯದಲ್ಲಿ ಇಲಾಖೆಯ ತಂಡಕ್ಕೆ ಗೋಲು ಕಾಯ್ದವನು, ಆಮೇಲೆ ಮಕ್ಕಳಿಗೆ ಈಜು ಹೇಳಿಕೊಟ್ಟವನು. ಆದ್ದರಿಂದ ಈ ಸಲದ ಕಟ್ಟೆ ಪೂರ್ತಿ ಅವರಿಗೇ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಸಾರ್! ಈ ಗ್ಯಾರ್ಮತಿ ಯಾರು, ಎಲ್ಲಿಯವರು, ಏನೇನು ಗೆದ್ದರು? ಶಾಲೆಯ ಗೋಡೆಪತ್ರಿಕೆಗೆ ಬೇಕಾಗಿದೆ.
– ದೈಹಿಕ ಶಿಕ್ಷಕರು, ದಾವಣಗೆರೆ

ಗೋಡೆಪತ್ರಿಕೆಗೆ ಅಂದಮೇಲೆ ಇಸವಿ ಸಮೇತ ಬರೆಯುತ್ತೇನೆ ಮೇಷ್ಟ್ರೇ, ಮಕ್ಕಳಿಂದ ಚೆನ್ನಾಗಿ ಬರೆಸಿ.

ಹುಟ್ಟಿದ್ದು 1927ರ ಅಕ್ಟೋಬರ್ 23, ಹಂಗೆರಿಯ ಈಶಾನ್ಯ ಭಾಗದ ಮಿಶ್ಕೋಲ್ಟ್ ಎಂಬ ಊರಿನಲ್ಲಿ. ಈ ತಾರೀಕು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. ಮೊದಲ ಒಲಿಂಪಿಕ್ಸ್ 1948ರ ಲಂಡನ್, ಆಗ ವಯಸ್ಸು ಇಪ್ಪತ್ತು, ಸಿಕ್ಕಿದ್ದು ಬೆಳ್ಳಿ. ಚಿನ್ನ ಇಟಲಿಗೆ ಹೋಯಿತು. 1952ರ ಹೆಲ್ಸಿಂಕಿಯಲ್ಲಿ ಚಿನ್ನ. 1956ರ ಮೆಲ್ಬರ್ನ್‌ನಲ್ಲಿ ಮತ್ತೆ ಚಿನ್ನ. 1960ರ ರೋಮ್‌ನಲ್ಲಿ ಕಂಚು. 1964ರ ಟೋಕಿಯೊದಲ್ಲಿ ಮೂರನೇ ಚಿನ್ನ. ಟೋಕಿಯೊ ಕ್ರೀಡಾಕೂಟ ನಡೆದದ್ದು ಅಕ್ಟೋಬರ್‌ನಲ್ಲಿ. ಚಿನ್ನ ಕೊರಳಿಗೆ ಬಿದ್ದಾಗ ಅವರ ಮೂವತ್ತೇಳನೇ ಹುಟ್ಟುಹಬ್ಬಕ್ಕೆ ಇನ್ನು ಕೆಲವೇ ದಿನ ಬಾಕಿ. ಆ ಸಲ ಯುಗೊಸ್ಲಾವಿಯಾದ ಮೇಲೆ ಪಂದ್ಯ 4–4ರಲ್ಲಿ ಸಮ ಆಗಿ, ಕೊನೆಗೆ ಗೋಲುಗಳ ಲೆಕ್ಕದಲ್ಲಿ ಹಂಗೆರಿ ಮೇಲೆ ಬಂತು. ನಡುವೆ 1954 ಮತ್ತು 1962ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್.

ಇಷ್ಟಕ್ಕೇ ಮುಗಿಸಿದ್ದರೂ ಸಾಕಾಗಿತ್ತು. ಈ ಮನುಷ್ಯ ನೀರಿನಿಂದ ಎದ್ದು ದಡದಲ್ಲಿ ನಿಂತು ಇನ್ನೊಂದು ಸುತ್ತು ಶುರುಮಾಡಿದರು. ರಾಷ್ಟ್ರೀಯ ತಂಡದ ತರಬೇತುದಾರರಾಗಿ 1972ರ ಮ್ಯೂನಿಕ್‌ನಲ್ಲಿ ಬೆಳ್ಳಿ, 1976ರ ಮಾಂಟ್ರಿಯಲ್‌ನಲ್ಲಿ ಚಿನ್ನ, 1980ರ ಮಾಸ್ಕೋದಲ್ಲಿ ಕಂಚು. ವಾಟರ್ ಪೋಲೊದ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ 1973ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆಯಿತು. ಅದನ್ನು ಗೆದ್ದದ್ದೂ ಇವರ ಹುಡುಗರೇ. ಆಟಗಾರನಾಗಿ ಐದು, ತರಬೇತುದಾರನಾಗಿ ಮೂರು, ಒಟ್ಟು ಎಂಟು ಒಲಿಂಪಿಕ್ಸ್‌ನಿಂದ ಒಮ್ಮೆಯೂ ಬರಿಗೈಲಿ ಬರಲಿಲ್ಲ.

1990ರಲ್ಲಿ ಹಂಗೆರಿಯಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದು ಮುಕ್ತ ಚುನಾವಣೆ ನಡೆದಾಗ ಸಂಸತ್ತಿಗೂ ಹೋದರು, ಒಂದು ಅವಧಿ. ತೀರಿಕೊಂಡದ್ದು 2013ರ ಆಗಸ್ಟ್ 18ರಂದು, ಬುಡಾಪೆಸ್ಟ್‌ನಲ್ಲಿ.

ಈಜು ಬಂದರೆ ಸಾಕಲ್ಲವೇ, ಈ ಆಟದಲ್ಲಿ ಕಷ್ಟ ಏನಿದೆ? ಸುಸ್ತಾದಾಗ ಕೊಳದಲ್ಲಿ ನಿಂತುಕೊಳ್ಳಬಹುದಲ್ಲ?
– ಪಿಯುಸಿ ವಿದ್ಯಾರ್ಥಿನಿ, ಸಾಗರ

ನಿಲ್ಲುವ ಹಾಗಿಲ್ಲ ತಾಯಿ, ಅದೇ ಕಷ್ಟ! ದೊಡ್ಡ ಪಂದ್ಯಗಳ ಕೊಳದಲ್ಲಿ ಕಾಲಿಗೆ ನೆಲವೇ ಸಿಗುವುದಿಲ್ಲ. ಒಂದು ವೇಳೆ ಸಿಕ್ಕರೂ ಊರುವಂತಿಲ್ಲ. ಒಂದು ಕಡೆ ಏಳು ಜನ, ಅದರಲ್ಲಿ ಒಬ್ಬ ಕೆಂಪು ಟೋಪಿಯ ಗೋಲ್‌ಕೀಪರ್. ಗೋಲ್‌ಕೀಪರನ ಹೊರತು ಬೇರೆ ಯಾರೂ ಎರಡೂ ಕೈಯಲ್ಲಿ ಚೆಂಡು ಮುಟ್ಟಬಾರದು. ಒದ್ದೆ ಚೆಂಡು, ಒದ್ದೆ ಕೈ, ಎದುರಾಳಿ ಬೆನ್ನ ಮೇಲೆ. ಈಗಿನ ಲೆಕ್ಕದಲ್ಲಿ ಎಂಟೆಂಟು ನಿಮಿಷದ ನಾಲ್ಕು ಭಾಗ.

ಕಾಲು ಊರದೆ ನಿಂತಿರುವುದಕ್ಕೆ ಒಂದು ವಿದ್ಯೆ ಇದೆ, ಎಗ್‌ಬೀಟರ್ ಕಿಕ್ ಅನ್ನುತ್ತಾರೆ. ಕುರ್ಚಿಯಲ್ಲಿ ಕೂತಹಾಗೆ ತೊಡೆ ಅಗಲಿಸಿ, ಮೊಣಕಾಲಿನ ಕೆಳಗಿನ ಭಾಗವನ್ನು ಒಂದಾದ ಮೇಲೊಂದರಂತೆ ಒಳಮುಖವಾಗಿ ಸುತ್ತಿಸುತ್ತ ಇರಬೇಕು, ಮಜ್ಜಿಗೆ ಕಡೆಯುವ ಕಡೆಗೋಲಿನಂತೆ, ನಿಲ್ಲಿಸದೆ. ಚೆನ್ನಾಗಿ ಬಂದವರು ಎರಡೂ ಕೈ ಮೇಲೆತ್ತಿದರೂ ಎದೆಯ ಮಟ್ಟದವರೆಗೆ ನೀರಿನಿಂದ ಹೊರಗಿರುತ್ತಾರೆ. ಹುಡುಗರಿಗೆ ಇದನ್ನು ಕಲಿಸುವಾಗ ತಲೆಯ ಮೇಲೆ ಕೈ ಇಟ್ಟುಕೊಂಡು ಕೊಳದ ಉದ್ದಕ್ಕೂ ಹೋಗಿಬನ್ನಿ ಅನ್ನುತ್ತಿದ್ದೆ. ಅರ್ಧ ದಾರಿಗೆ ಎಲ್ಲರ ಕೈಯೂ ಕೆಳಗೆ!

ಇನ್ನು ನೀರಿನೊಳಗೆ ನಡೆಯುವುದು ಬೇರೆ ಆಟ. ಮೇಲಿಂದ ನೋಡಿದರೆ ಇಬ್ಬರು ಅಕ್ಕಪಕ್ಕ ತೇಲುತ್ತಿದ್ದಾರೆ ಅನ್ನಿಸುತ್ತದೆ. ಕೆಳಗೆ ಒಬ್ಬ ಇನ್ನೊಬ್ಬನ ಚಡ್ಡಿ ಹಿಡಿದು ಜಗ್ಗುತ್ತಿರುತ್ತಾನೆ, ಅವನು ಇವನ ಪಕ್ಕೆಗೆ ಮೊಣಕಾಲು ಕೊಡುತ್ತಿರುತ್ತಾನೆ. ರೆಫ್ರಿಗೆ ಕಂಡರೆ ತಪ್ಪು, ಕಾಣದಿದ್ದರೆ ಅನುಭವ.

ಗ್ಯಾರ್ಮತಿಯ ವಿಶೇಷ ಏನೆಂದರೆ ಅವರಿಗೆ ಎರಡೂ ಕೈ ಒಂದೇ. ಬಲಗೈಯಲ್ಲಿ ಎಸೆಯುತ್ತಾನೆ ಅಂತ ಎದುರಾಳಿ ಆ ಕಡೆ ಅಡ್ಡ ಬಂದರೆ ಚೆಂಡು ಎಡಗೈಯಿಂದ ಹೋಗಿರುತ್ತಿತ್ತು. ರಕ್ಷಣೆಗೆ ನಿಲ್ಲಿಸಿದರೂ ಸೈ, ದಾಳಿಗೆ ಬಿಟ್ಟರೂ ಸೈ. ಮೇಲಿಂದ ವೇಗ. 100 ಮೀಟರ್ ಫ್ರೀಸ್ಟೈಲ್ 58.5 ಸೆಕೆಂಡಿನಲ್ಲಿ ಈಜುತ್ತಿದ್ದರು, ಆ ಕಾಲದ ವಾಟರ್ ಪೋಲೊದವರಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ ಅನ್ನುತ್ತಾರೆ. ಈ ವೇಗಕ್ಕೆ ಬೆಲೆ ಬಂದದ್ದು ನಿಯಮ ಬದಲಾದ್ದರಿಂದ. ಹಿಂದೆಲ್ಲ ರೆಫ್ರಿ ಸೀಟಿ ಊದಿದರೆ ಎಲ್ಲರೂ ಇದ್ದಲ್ಲೇ ಇರಬೇಕಿತ್ತು. 1940ರ ದಶಕದ ಕೊನೆಗೆ ಆ ಕಟ್ಟು ಹೋಯಿತು, ಸೀಟಿ ಬಿದ್ದ ಮೇಲೂ ಈಜಿ ಜಾಗ ಬದಲಿಸಬಹುದು ಅಂತಾಯಿತು. ಬರೀ ತೋಳ್ಬಲ ನಂಬಿಕೊಂಡಿದ್ದ ದಪ್ಪ ಆಸಾಮಿಗಳು ಹಿಂದೆ ಬಿದ್ದರು.

ಸೋವಿಯತ್ ರಷ್ಯಾದ ವಿರುದ್ಧ ಆಡುವಾಗ ಕೊಳದ ನೀರೆಲ್ಲ ರಕ್ತವಾಗಿತ್ತಂತೆ. ಆ ಪಂದ್ಯದಲ್ಲಿ ಇವರೂ ಇದ್ದರೇ? ಹೊಡೆತ ತಿಂದವರು ಇವರೇನಾ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಇದ್ದರು, ತಂಡದ ನಾಯಕರೇ ಅವರು. ಹೊಡೆತ ತಿಂದವರು ಮಾತ್ರ ಬೇರೆ, ಎರ್ವಿನ್ ಜಾದೋರ್ ಎಂಬ ಹುಡುಗ. ನೀರೆಲ್ಲ ಕೆಂಪಾಗಿರಲಿಲ್ಲ, ಅದು ಬಾಯಿಂದ ಬಾಯಿಗೆ ಬೆಳೆದ ಕಥೆ. ಆದರೆ ನಡೆದದ್ದೇ ಸಾಕಷ್ಟಿತ್ತು.

ಮೊದಲು ಅಕ್ಟೋಬರ್ 23ಕ್ಕೆ ಬನ್ನಿ. 1956ರ ಆ ದಿನ ಗ್ಯಾರ್ಮತಿಗೆ ಇಪ್ಪತ್ತೊಂಬತ್ತು ತುಂಬಿತು. ಅದೇ ದಿನ ಬುಡಾಪೆಸ್ಟ್‌ನ ಬೀದಿಗಳಲ್ಲಿ ಸೋವಿಯತ್ ಹಿಡಿತದ ವಿರುದ್ಧ ಬಂಡಾಯ ಎದ್ದಿತು. ತಂಡ ಆಗ ನಗರದ ಮೇಲಿನ ಗುಡ್ಡದಲ್ಲಿ ಅಭ್ಯಾಸಶಿಬಿರದಲ್ಲಿತ್ತು. ಕೆಳಗಿನಿಂದ ಗುಂಡಿನ ಸದ್ದು ಕೇಳಿಸುತ್ತಿತ್ತು. ಒಲಿಂಪಿಕ್ಸ್ ತಪ್ಪದಿರಲಿ ಎಂದು ಆಟಗಾರರನ್ನು ಪಕ್ಕದ ಚೆಕೊಸ್ಲೊವಾಕಿಯಾಕ್ಕೆ ಸಾಗಿಸಿದರು. ಅಲ್ಲಿಂದ ಆಸ್ಟ್ರೇಲಿಯಾ ಪ್ರಯಾಣ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ಮತ್ತೆ ನುಗ್ಗಿ ಬಂಡಾಯವನ್ನು ತುಳಿದುಹಾಕಿದ ಸಂಗತಿ ಅವರಿಗೆ ಪೂರ್ತಿ ತಿಳಿದದ್ದು ಆಸ್ಟ್ರೇಲಿಯಾದ ನೆಲಕ್ಕೆ ಕಾಲಿಟ್ಟಮೇಲೆ. ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಹಾಗೇ ನೀರಿಗಿಳಿದರು.

ಡಿಸೆಂಬರ್ 6, ಎದುರಿಗೆ ಸೋವಿಯತ್ ತಂಡ. ಈ ಎರಡು ತಂಡಗಳಿಗೆ ಹಳೆಯ ಪರಿಚಯ. ಸೋವಿಯತ್ ಆಟಗಾರರು ಹಂಗೆರಿಗೇ ಬಂದು ಅಲ್ಲಿನವರ ಜೊತೆ ಅಭ್ಯಾಸ ಮಾಡಿ ಆಟದ ಪಟ್ಟು ಕಲಿತುಕೊಂಡು ಹೋಗಿದ್ದರು. ಹಂಗೆರಿಯವರಿಗೆ ಶಾಲೆಯಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಅದು ಆವತ್ತು ಉಪಯೋಗಕ್ಕೆ ಬಂತು. ಎದುರಾಳಿಗೆ ಅವನ ಭಾಷೆಯಲ್ಲೇ ಬೈದು ರೇಗಿಸಬೇಕು, ರೇಗಿದವನು ಜಗಳ ಆಡುತ್ತಾನೆ, ಜಗಳ ಆಡುವವನು ಆಟ ಮರೆಯುತ್ತಾನೆ ಎಂಬುದು ಅವರ ಲೆಕ್ಕಾಚಾರ. ಅದೇನೂ ಸಂತರ ಪಂದ್ಯವಲ್ಲ ಮಹರಾಯರೇ. ನಾಯಕ ಗ್ಯಾರ್ಮತಿ ಸೋವಿಯತ್ ಆಟಗಾರನಿಗೆ ಗುದ್ದಿದ್ದು ಕ್ಯಾಮೆರಾದಲ್ಲೇ ದಾಖಲಾಗಿದೆ. ನಮ್ಮ ಕಡೆಯ ಬರಹಗಳಲ್ಲಿ ಹಂಗೆರಿಯವರನ್ನು ಪಾಪದ ಹಸುಗಳನ್ನಾಗಿಯೂ ಸೋವಿಯತ್ತರನ್ನು ಹುಲಿಗಳನ್ನಾಗಿಯೂ ಬರೆಯುವ ರೂಢಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಎರಡೂ ಕಡೆಯವರು ಕಾಲಲ್ಲಿ, ಕೈಯಲ್ಲಿ ಕೊಟ್ಟರು, ತಗೊಂಡರು.

ಸ್ಕೋರು 4–0, ಅದರಲ್ಲಿ ಎರಡು ಗೋಲು ಜಾದೋರ್‌ನವು. ಪಂದ್ಯ ಮುಗಿಯುವುದಕ್ಕೆ ಸ್ವಲ್ಪ ಹೊತ್ತಿದೆ ಅನ್ನುವಾಗ ಸೀಟಿ ಕೇಳಿಸಿತು. ಯಾಕೆ ಊದಿದರು ಅಂತ ಜಾದೋರ್ ರೆಫ್ರಿಯ ಕಡೆ ತಿರುಗಿದ. ಅಷ್ಟರಲ್ಲಿ ವ್ಯಾಲೆಂಟಿನ್ ಪ್ರೊಕೊಪೋವ್ ನೀರಿನಿಂದ ಎದ್ದು ಮುಖಕ್ಕೆ ಬಾರಿಸಿದ. ಕಣ್ಣಿನ ಪಕ್ಕ ಸೀಳಿಹೋಯಿತು. ಜಾದೋರ್ ದಡ ಹತ್ತಿದಾಗ ಮುಖದಿಂದ ಎದೆಗೆ ರಕ್ತ ಇಳಿಯುತ್ತಿತ್ತು, ಆ ಫೋಟೊ ಲೋಕವೆಲ್ಲ ಸುತ್ತಿತು. ಗ್ಯಾಲರಿಯಲ್ಲಿದ್ದವರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಬಂದಿದ್ದ ಹಂಗೆರಿಯವರು ಬಹಳ. ಜನ ಕೊಳದ ಅಂಚಿಗೆ ನುಗ್ಗಿದರು, ಪೊಲೀಸರು ಒಳಬಂದು ಸೋವಿಯತ್ ಆಟಗಾರರನ್ನು ಕರೆದುಕೊಂಡು ಹೋಗಬೇಕಾಯಿತು. ಪಂದ್ಯ ಅಲ್ಲಿಗೇ ನಿಂತಿತು, ಗೆಲುವು ಹಂಗೆರಿಗೆ.

ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಅದು ಫೈನಲ್ ಆಗಿರಲಿಲ್ಲ! ಚಿನ್ನಕ್ಕೆ ಮರುದಿನ ಯುಗೊಸ್ಲಾವಿಯಾವನ್ನು ಸೋಲಿಸಬೇಕಿತ್ತು. ಜಾದೋರ್ ಹೊಲಿಗೆ ಹಾಕಿಸಿಕೊಂಡು ಮಾಮೂಲಿ ಬಟ್ಟೆಯಲ್ಲಿ ದಡದಲ್ಲಿ. ಹಿಂದಿನ ದಿನದ ಗಲಾಟೆಯಲ್ಲಿ ಮೈಯೆಲ್ಲ ನೋವು, ಮನೆಯ ಸುದ್ದಿ ಇಲ್ಲ, ಒಳ್ಳೆಯ ಗೋಲು ಹೊಡೆಯುವವನು ಹೊರಗೆ. ಅಂಥ ತಂಡವನ್ನು ಹಿಡಿದು ನಿಲ್ಲಿಸಿ 2–1ರಲ್ಲಿ ಗೆದ್ದು ಬಂದ ನಾಯಕ ಗ್ಯಾರ್ಮತಿ. ನನ್ನನ್ನು ಕೇಳಿದರೆ ಅವರ ಜೀವಮಾನದ ಆಟ ಡಿಸೆಂಬರ್ 7ರದ್ದು, ಡಿಸೆಂಬರ್ 6ರದ್ದಲ್ಲ. ಅದರ ಫೋಟೊ ಯಾರೂ ಗೋಡೆಗೆ ಹಾಕುವುದಿಲ್ಲ, ಅಷ್ಟೆ.

ಅಂದಹಾಗೆ ಜಾದೋರ್ ತಿರುಗಿ ಊರಿಗೆ ಹೋಗಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿ ಈಜು ತರಬೇತುದಾರನಾದ. ಅವನ ಕೈಕೆಳಗೆ ಕಲಿತ ಎಳೆಯರಲ್ಲಿ ಒಬ್ಬ ಮಾರ್ಕ್ ಸ್ಪಿಟ್ಜ್, 1972ರ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದವನು.

ಅವರ ಹೆಂಡತಿಯೂ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದಾರೆ ಅಂತ ನನ್ನ ಮಗಳು ಹೇಳಿದಳು. ನೀವು ಅದನ್ನು ಬರೆಯಲೇ ಇಲ್ಲ. ಯಾಕೆ?
– ಗೃಹಿಣಿ, ಮಂಡ್ಯ

ನಿಮ್ಮ ಮಗಳಿಗೆ ಶಹಭಾಸ್ ಹೇಳಿ. ಜಾಗ ಇರಲಿಲ್ಲ ಅನ್ನುವ ನೆಪ ಈ ವಿಷಯಕ್ಕೆ ಸಲ್ಲದು. ನನ್ನ ಮಟ್ಟಿಗೆ ಆ ಮನೆಯಲ್ಲಿ ಗಂಡನಿಗಿಂತ ದೊಡ್ಡ ಕಥೆ ಹೆಂಡತಿಯದು.

ಏವಾ ಸೇಕೆಯ್, ಗಂಡನಿಗಿಂತ ಆರು ತಿಂಗಳು ದೊಡ್ಡವರು, 1927ರ ಏಪ್ರಿಲ್‌ನಲ್ಲಿ ಹುಟ್ಟಿದವರು. 1936ರಲ್ಲಿ ಹಂಗೆರಿಯ ಫೆರೆಂಟ್ಸ್ ಚೀಕ್ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದದ್ದನ್ನು ರೇಡಿಯೊದಲ್ಲಿ ಕೇಳಿದ ಒಂಬತ್ತರ ಹುಡುಗಿ, ನಾನೂ ಒಲಿಂಪಿಕ್ಸ್ ಗೆಲ್ಲುತ್ತೇನೆ ಅಂದುಕೊಂಡಳು. ಹದಿನಾಲ್ಕಕ್ಕೆ ರಾಷ್ಟ್ರ ಮಟ್ಟದ ಈಜುಗಾರ್ತಿ. 1941ರಲ್ಲಿ, ಯಹೂದಿ ಎಂಬ ಒಂದೇ ಕಾರಣಕ್ಕೆ ತಂಡದಿಂದ ಹೊರಗೆ ಹಾಕಿದರು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬುಡಾಪೆಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡ್ ರಕ್ಷಣೆಯಲ್ಲಿದ್ದ ಒಂದು ಮನೆಯಲ್ಲಿ ಅಡಗಿದ್ದರು. ಎರಡು ಕೋಣೆಯಲ್ಲಿ ನಲವತ್ತೆರಡು ಜನ! ಅಲ್ಲಿ ನೀರೆಲ್ಲಿ ಬರಬೇಕು, ಕೊಳವೆಲ್ಲಿ ಬರಬೇಕು? ಆ ಹುಡುಗಿ ದಿನಾ ಬೆಳಿಗ್ಗೆ ಐದು ಮಹಡಿಯ ಮೆಟ್ಟಿಲನ್ನು ನೂರು ಸಲ ಹತ್ತಿ ಇಳಿಯುತ್ತಿದ್ದಳು, ಕಾಲಿನ ಕಸುವು ಹೋಗಬಾರದೆಂದು. ಸಾವು ಬಾಗಿಲಲ್ಲಿದ್ದಾಗ ಒಲಿಂಪಿಕ್ಸ್‌ಗೆ ತಯಾರಿ!

ಏವಾ ಸ್ವತಃ ಹೇಳಿಕೊಂಡ ಇನ್ನೊಂದು ಸಂಗತಿ ಇದೆ. ಆ ದಿನಗಳಲ್ಲಿ ಹಂಗೆರಿಯ ನಾಜಿಗಳ ಕಡೆಯವನೊಬ್ಬ ಯಹೂದಿಗಳನ್ನು ಎಳೆದೊಯ್ಯಲು ಮನೆಗೆ ಬಂದ. ಅವನ ಒಂದು ಕಣ್ಣಿನ ಬಣ್ಣ ಬೂದು, ಇನ್ನೊಂದು ಕಂದು. ‘ಇವಳು ಹಂಗೆರಿಯ ಈಜು ಚಾಂಪಿಯನ್, ಇವಳ ಜೀವ ಉಳಿಸಿದ್ದಕ್ಕೆ ಮುಂದೆ ನೀನೇ ಸಂತೋಷ ಪಡುತ್ತೀಯ’ ಎಂದು ಅಪ್ಪ ಬೇಡಿಕೊಂಡರು. ಅವನು ಬಿಟ್ಟುಹೋದ. ಕೆಲವು ವರ್ಷದ ಮೇಲೆ, ಕಮ್ಯುನಿಸ್ಟ್ ಕಾಲದಲ್ಲಿ, ಬುಡಾಪೆಸ್ಟ್‌ನ ಒಂದು ಈಜು ಕೂಟದಲ್ಲಿ ಗೆದ್ದು ಪದಕಕ್ಕೆ ನಿಂತಾಗ ರಾಜಕೀಯ ಪೊಲೀಸ್ ವಿಭಾಗದ ಮೇಜರ್ ಎದುರಿಗೆ ಬಂದ. ಒಂದು ಕಣ್ಣು ಬೂದು, ಒಂದು ಕಂದು.

1952ರ ಹೆಲ್ಸಿಂಕಿಯಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಏವಾಗೆ, ವಾಟರ್ ಪೋಲೊ ಚಿನ್ನ ಗ್ಯಾರ್ಮತಿಗೆ. ಮೆಲ್ಬರ್ನ್‌ಗೆ ಹೋಗುವಾಗ ಇವರ ಮಗಳು ಆಂಡ್ರಿಯಾ ಎರಡು ವರ್ಷದ ಕೂಸು, ಅವಳು ಊರಿನಲ್ಲಿ ಅಜ್ಜ ಅಜ್ಜಿಯ ಬಳಿ. ಬುಡಾಪೆಸ್ಟ್‌ನಲ್ಲಿ ಗುಂಡು ಹಾರುತ್ತಿದೆ, ತಾಯಿ ಸಾವಿರಾರು ಮೈಲಿ ಆಚೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ತೂಕ ಇಳಿದುಹೋಯಿತು. ಆ ಸ್ಥಿತಿಯಲ್ಲಿ ಈಜಿ ಬೆಳ್ಳಿ ತಂದರು. ಗಂಡನಿಗೆ ಚಿನ್ನ, ಹೆಂಡತಿಗೆ ಬೆಳ್ಳಿ ಅಂತ ಪಟ್ಟಿಯಲ್ಲಿರುತ್ತದೆ. ತೂಗಿ ನೋಡುವವರು ನೀವು.

ಆ ಕೂಸು ಆಂಡ್ರಿಯಾ ದೊಡ್ಡವಳಾಗಿ 1972ರ ಮ್ಯೂನಿಕ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ, 100 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದಳು. ಮದುವೆಯಾದದ್ದು ಮಿಹಾಯ್ ಹೆಸ್ ಅವರನ್ನು. ಆತ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಯಾಕ್ ದೋಣಿಯ ಚಿನ್ನ ಗೆದ್ದವರು. ಅಳಿಯನನ್ನು ಹುಡುಕುವಾಗ ಜಾತಕದ ಜೊತೆ ಪದಕವನ್ನೂ ನೋಡಿದರೋ ಏನೋ! ಏವಾ 2020ರ ಫೆಬ್ರುವರಿ 29ರಂದು ತೀರಿಕೊಂಡರು, ತೊಂಬತ್ತೆರಡರ ತುಂಬು ವಯಸ್ಸಿನಲ್ಲಿ.

ನಮ್ಮ ಕಡಿ ಈ ಆಟ ನೋಡಿದವ್ರೇ ಇಲ್ರೀ. ಅಲ್ಲಿ ಮಂದಿ ಇವ್ರನ್ನ ನಮ್ಮ ಕ್ರಿಕೆಟ್ ಆಟಗಾರರ ಹಂಗ ತಲಿ ಮ್ಯಾಲ ಹೊತ್ಕೊಂಡ್ ಕುಣಿತಾರೇನು?
– ಕಿರಾಣಿ ಅಂಗಡಿಯವರು, ಹುಬ್ಬಳ್ಳಿ

ಕುಣೀತಾರ್ರೀ ಸಾಹೇಬ್ರ, ಆದರೆ ನಮ್ಮಷ್ಟು ಗದ್ದಲ ಇಲ್ಲ, ನಮ್ಮಷ್ಟು ರೊಕ್ಕವೂ ಇಲ್ಲ. ಅಲ್ಲಿ ಜನಪ್ರಿಯತೆಯ ಬಗೆ ಬೇರೆ.

ಹಂಗೆರಿಗೆ ಸಮುದ್ರವೇ ಇಲ್ಲ. ಇರುವುದು ನೆಲದೊಳಗಿನ ಬಿಸಿನೀರಿನ ಬುಗ್ಗೆಗಳು. ಬುಡಾಪೆಸ್ಟ್‌ನಲ್ಲಿ ಹೆಜ್ಜೆಹೆಜ್ಜೆಗೂ ಸ್ನಾನದ ಕೊಳ, ಚಳಿಗಾಲದಲ್ಲೂ ಹಬೆಯಾಡುವ ನೀರಿನಲ್ಲಿ ಇಳಿಯುವ ಜನ. ಮಕ್ಕಳಿಗೆ ಈಜು ಎಂದರೆ ಹೊಸದಲ್ಲ. ಆ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ಸ್ ಚಿನ್ನ ಬಂದದ್ದೇ ಈಜಿನಲ್ಲಿ, 1896ರ ಅಥೆನ್ಸ್‌ನಲ್ಲಿ, ಆಲ್ಫ್ರೆಡ್ ಹಾಯೋಶ್ ಅವರಿಂದ. ಹಾಯೋಶ್ ಆಮೇಲೆ ವಾಸ್ತುಶಿಲ್ಪಿಯಾದರು. ಡ್ಯಾನ್ಯೂಬ್ ನದಿಯ ನಡುವಿನ ಮಾರ್ಗಿಟ್ ದ್ವೀಪದಲ್ಲಿ 1930ರಲ್ಲಿ ತೆರೆದ ಈಜು ಭವನ ಅವರದೇ ನಕ್ಷೆ. ಇವತ್ತಿಗೂ ವಾಟರ್ ಪೋಲೊದ ದೊಡ್ಡ ಪಂದ್ಯಗಳು ಅಲ್ಲಿ ನಡೆಯುತ್ತವೆ. ಬೇಲಾ ಕೊಮ್ಯಾದಿ ಎಂಬ ತರಬೇತುದಾರ ಚೆಂಡನ್ನು ನೀರಿಗೆ ಬೀಳಿಸದೆ ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವ ಆಟ ಕಲಿಸಿದರು. 1932ರಲ್ಲಿ ಮೊದಲ ಚಿನ್ನ ಬಂತು. ಅಲ್ಲಿಂದ ಇಲ್ಲಿಯತನಕ ಪುರುಷರ ವಾಟರ್ ಪೋಲೊದಲ್ಲಿ ಒಂಬತ್ತು ಒಲಿಂಪಿಕ್ಸ್ ಚಿನ್ನ, ಬೇರೆ ಯಾವ ದೇಶಕ್ಕೂ ಅಷ್ಟಿಲ್ಲ. ನಮಗೆ ಹಾಕಿ ಇದ್ದ ಹಾಗೆ ಅನ್ನಬಹುದಿತ್ತು, ಆದರೆ ಅವರು ನಡುವೆ ಅಷ್ಟು ವರ್ಷ ಕೈಬಿಡಲಿಲ್ಲ.

ಆ ಮೊದಲ ಪೀಳಿಗೆಯ ಒಲಿವೇರ್ ಹಲಾಶಿ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ಬಾಲ್ಯದಲ್ಲಿ ಟ್ರಾಮ್ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಆ ಕಾಲಿನಲ್ಲೇ 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ! ನಾನು ಮೇಲೆ ವಿವರಿಸಿದ ಕಾಲಿನ ಕಸರತ್ತನ್ನು ಇನ್ನೊಮ್ಮೆ ಓದಿ, ಆಮೇಲೆ ಇದನ್ನು ಯೋಚಿಸಿ.

ಹೀಗೆ ಮನೆಯ ಆಟವಾಗಿದ್ದಕ್ಕೆ 1956 ಸೇರಿತು. ಅಕ್ಟೋಬರ್ 23 ಈಗ ಅಲ್ಲಿ ರಾಷ್ಟ್ರೀಯ ಹಬ್ಬ, ರಜಾದಿನ. ದೇಶ ಸೋತ ವರ್ಷದಲ್ಲಿ ಗೆದ್ದು ತೋರಿಸಿದ ಹುಡುಗರನ್ನು ಜನ ಮರೆತಾರೆಯೇ? ಮೆಲ್ಬರ್ನ್‌ನಿಂದ ಎಷ್ಟೋ ಮಂದಿ ಹಂಗೆರಿಗೆ ಮರಳಲೇ ಇಲ್ಲ. ಗ್ಯಾರ್ಮತಿ ದಂಪತಿಯೂ ಸ್ವಲ್ಪ ಕಾಲ ಹೊರದೇಶದಲ್ಲಿದ್ದರು, ಆಮೇಲೆ ಮರಳಿ ಬಂದರು. ಮರಳಿ ಬಂದು ಮತ್ತೆ ಚಡ್ಡಿ ಟೋಪಿ ಹಾಕಿ ಎರಡು ಒಲಿಂಪಿಕ್ಸ್ ಆಡಿದರು. ಹೋದವರನ್ನೂ ನಾನು ಆಡಿಕೊಳ್ಳುವುದಿಲ್ಲ. ಆದರೆ ಅಲ್ಲಿನ ಸಾಮಾನ್ಯ ಜನರಿಗೆ ಗ್ಯಾರ್ಮತಿ ‘ನಮ್ಮವ’ ಆದದ್ದು ಈ ಮರಳಿ ಬಂದದ್ದರಿಂದ ಅಂತ ನನ್ನ ಅನಿಸಿಕೆ. ಪದಕ ಗೆದ್ದವರು ಆ ದೇಶದಲ್ಲಿ ಬೇಕಾದಷ್ಟಿದ್ದಾರೆ.

ಸರ್ಕಾರ 2004ರಲ್ಲಿ ‘ರಾಷ್ಟ್ರದ ಕ್ರೀಡಾಪಟು’ ಎಂಬ ಗೌರವ ಆರಂಭಿಸಿತು. ಒಂದು ಸಲಕ್ಕೆ ಹನ್ನೆರಡು ಜನರಿಗೆ ಮಾತ್ರ, ಬದುಕಿರುವವರೆಗೆ ಮಾಸಾಶನ. ಮೊದಲ ವರ್ಷದ ಪಟ್ಟಿಯಲ್ಲೇ ಗ್ಯಾರ್ಮತಿಯೂ ಇದ್ದರು, ಏವಾ ಸೇಕೆಯ್ ಕೂಡ. ಬುಡಾಪೆಸ್ಟ್‌ನ ಒಂದು ಈಜುಕೊಳಕ್ಕೆ ಗ್ಯಾರ್ಮತಿಯ ಹೆಸರಿಟ್ಟಿದ್ದಾರೆ.

2000, 2004, 2008ರಲ್ಲಿ ಸತತ ಮೂರು ಚಿನ್ನ ಗೆದ್ದ ತಮಾಶ್ ಕಾಶಾಶ್ ಮುಂದೆ ಗ್ಯಾರ್ಮತಿ ಏನೂ ಅಲ್ಲ. ನೀವು ಹಳಬರು, ಅದಕ್ಕೇ ಹಳಬರನ್ನು ಹೊಗಳುತ್ತೀರಿ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹಳಬ ಹೌದು, ಕಾಶಾಶ್ ಆಟಕ್ಕೆ ಕೈ ಮುಗಿದವನೂ ಹೌದು. ಆ ತಂಡವೇ ಒಂದು ಸೊಗಸು. ತರಬೇತುದಾರ ಡೇನೆಶ್ ಕೆಮೇನಿ, ನೀರಿನಲ್ಲಿ ಕಾಶಾಶ್, ಪೀಟರ್ ಬಿರೋಶ್, ಎಡಗೈಯ ಟಿಬೊರ್ ಬೆನೆಡೆಕ್. 2004ರ ಅಥೆನ್ಸ್ ಫೈನಲ್‌ನಲ್ಲಿ ಸರ್ಬಿಯಾ–ಮಾಂಟೆನೆಗ್ರೊ ಎದುರು 5–7ರಲ್ಲಿ ಹಿಂದಿದ್ದವರು 8–7ರಲ್ಲಿ ಗೆದ್ದರು. ಈಗಿನ ತಲೆಮಾರಿನ ಹಂಗೆರಿಯವರಿಗೆ ಹೀರೊಗಳೆಂದರೆ ಇವರೇ. ಬೆನೆಡೆಕ್ ತರಬೇತುದಾರರಾಗಿ 2013ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೊಡಿಸಿದರು. 2020ರಲ್ಲಿ ಕ್ಯಾನ್ಸರ್‌ನಿಂದ ಹೋದಾಗ ಇನ್ನೂ ನಲವತ್ತೇಳು. ಆ ಸುದ್ದಿ ಓದಿದ ದಿನ ನನಗೂ ಮನಸ್ಸು ಕೆಟ್ಟಿತ್ತು.

ಆದರೂ ನಿಮ್ಮ ತಕ್ಕಡಿ ನಾನು ಒಪ್ಪುವುದಿಲ್ಲ. ಕಾಶಾಶ್ ಕೂಡ ಐದು ಒಲಿಂಪಿಕ್ಸ್ ಆಡಿದರು, 1996ರಲ್ಲಿ ನಾಲ್ಕನೇ ಸ್ಥಾನ, 2012ರಲ್ಲಿ ಐದನೇ ಸ್ಥಾನ. ಗ್ಯಾರ್ಮತಿಗೆ ಮೂರು ಚಿನ್ನದ ಜೊತೆ ಬೆಳ್ಳಿಯೂ ಕಂಚೂ ಇದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಕಾಶಾಶ್ ಅವರ ತಂದೆ ಜೋಲ್ತಾನ್ ಕಾಶಾಶ್ 1972ರಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು, ಆ ತಂಡದ ಗುರು ಗ್ಯಾರ್ಮತಿ. 1952, 56ರಲ್ಲಿ ಅವರ ಜೊತೆ ಆಡಿ ಚಿನ್ನ ಗೆದ್ದ ಇಶ್ತ್ವಾನ್ ಸೀವೋಶ್ ಅವರ ಮಗ, ಅದೇ ಹೆಸರಿನವನು, 1976ರಲ್ಲಿ ಇವರ ಶಿಷ್ಯನಾಗಿ ಚಿನ್ನ ಗೆದ್ದ. ನಿಮ್ಮ ಹೀರೊ ಬೆಳೆದ ಮನೆಗೆ ಆಟ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿಕೊಳ್ಳಿ ಸ್ವಾಮಿ.

ಭಾರತ ಎಂದಾದರೂ ಒಲಿಂಪಿಕ್ಸ್‌ನಲ್ಲಿ ವಾಟರ್ ಪೋಲೊ ಆಡಿದೆಯೇ?
– ಕೃಷಿಕರು, ಪುತ್ತೂರು

ಆಡಿದೆ. 1948 ಲಂಡನ್, 1952 ಹೆಲ್ಸಿಂಕಿ. ಗ್ಯಾರ್ಮತಿ ಆಡಿದ ಮೊದಲ ಎರಡು ಕೂಟಗಳಲ್ಲೂ ನಮ್ಮವರು ಇದ್ದರು. ಲಂಡನ್‌ನಲ್ಲಿ ಚಿಲಿಯನ್ನು ಸೋಲಿಸಿದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 1982ರಲ್ಲಿ ಅದೇ ದೆಹಲಿಯಲ್ಲಿ ಕಂಚು.

ಹಂಗೆರಿ ಈಗ ಹೇಗಿದೆ?
– ಓದುಗರು, ಕಲಬುರಗಿ

2023ರಲ್ಲಿ ಜಪಾನಿನ ಫುಕುವೊಕಾದಲ್ಲಿ ಗ್ರೀಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ವಿಶ್ವ ಚಾಂಪಿಯನ್. ಮರುವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಅಮೆರಿಕದ ಎದುರು ಕಂಚು ಕೈತಪ್ಪಿತು, ಅದೂ ಪೆನಾಲ್ಟಿಯಲ್ಲೇ. ನಾಲ್ಕನೇ ಸ್ಥಾನಕ್ಕೆ ಮುಖ ಗಂಟಿಕ್ಕುವ ದೇಶ ಅದು.

ನನ್ನ ಮಗನಿಗೆ ಹನ್ನೊಂದು ವರ್ಷ, ಚೆನ್ನಾಗಿ ಈಜುತ್ತಾನೆ. ವಾಟರ್ ಪೋಲೊಗೆ ಸೇರಿಸಬಹುದೇ? ಪೆಟ್ಟಾಗುತ್ತದೆ ಅಂತ ನಮ್ಮ ಅತ್ತೆ ಬೇಡ ಅನ್ನುತ್ತಾರೆ.
– ಒಬ್ಬ ತಾಯಿ, ತುಮಕೂರು

ಸೇರಿಸಿ ತಾಯಿ. ಅತ್ತೆಯವರಿಗೆ ಮೇಲಿನ ಮೂರನೇ ಪ್ರಶ್ನೆಯ ಉತ್ತರ ಮಾತ್ರ ಓದಿ ಹೇಳಬೇಡಿ. ಬೆಂಗಳೂರಿನ ಕೆಲವು ಈಜು ಕ್ಲಬ್‌ಗಳಲ್ಲಿ ತಂಡಗಳಿವೆ, ತುಮಕೂರಿನಿಂದ ಭಾನುವಾರ ಬಂದು ಹೋಗುವ ಮನಸ್ಸಿದ್ದರೆ ವಿಚಾರಿಸಿ. ಅದಕ್ಕೆ ಮೊದಲು ಮಗ ನಿಲ್ಲಿಸದೆ 400 ಮೀಟರ್ ಈಜಲಿ, ತಲೆ ನೀರಿನ ಮೇಲಿಟ್ಟು ಫ್ರೀಸ್ಟೈಲ್ ಹೊಡೆಯುವುದನ್ನು ರೂಢಿಸಿಕೊಳ್ಳಲಿ, ಯಾಕೆಂದರೆ ಚೆಂಡು ಎಲ್ಲಿದೆ ಅಂತ ನೋಡುತ್ತಲೇ ಈಜಬೇಕು. ಎಡಗೈಯಲ್ಲೂ ಚೆಂಡು ಎಸೆಯುವುದನ್ನು ಈಗಲೇ ಅಭ್ಯಾಸ ಮಾಡಿಸಿ, ಹನ್ನೊಂದಕ್ಕೆ ಬರುತ್ತದೆ, ಇಪ್ಪತ್ತಕ್ಕೆ ಬರುವುದಿಲ್ಲ. ಮತ್ತೆ ಮೊದಲ ದಿನ ಕಳಿಸುವಾಗ ಕೈಕಾಲಿನ ಉಗುರು ಬುಡದವರೆಗೆ ಕತ್ತರಿಸಿ ಕಳಿಸಿ. ಪಂದ್ಯಕ್ಕೆ ಮುಂಚೆ ರೆಫ್ರಿ ಸಾಲಾಗಿ ನಿಲ್ಲಿಸಿ ಉಗುರು ಪರೀಕ್ಷೆ ಮಾಡುತ್ತಾರೆ. ಉದ್ದ ಇದ್ದರೆ ನೀರಿಗೆ ಇಳಿಸುವುದಿಲ್ಲ.